ಮುಂಗಾರಿಗೆ ಮುನ್ನ: ಬಚ್ಚಲ ನೀರಿನ ಕೈತೋಟ, ಹೊಂಡದ ಬೇಲಿ, ಮಕ್ಕಳ ನೀರಾಟ

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಮೊದಲ ಹದ ಮಳೆ ಬೀಳುವವರೆಗೆ ಮೈದಾನ ಸೀಮೆಯ ಮಳೆಯಾಶ್ರಿತ ರೈತರಿಗೆ ಐದಾರು ವಾರಗಳ ಬಿಡುವು ಸಿಗುತ್ತದೆ. ಯುಗಾದಿಯ ಹೊತ್ತಿಗೆ ಬೇವು ಹೂ ಬಿಟ್ಟಿರುತ್ತದೆ, ಹೊಂಗೆ ಚಿಗುರಿ ನೆರಳು ಕೊಡುತ್ತಿರುತ್ತದೆ. ಶಾಲೆಗೆ ರಜೆ ಸಿಕ್ಕು ಮಕ್ಕಳು ಮನೆಯಲ್ಲಿರುತ್ತಾರೆ, ಪಟ್ಟಣದಲ್ಲಿರುವ ಅಣ್ಣತಮ್ಮಂದಿರ ಮಕ್ಕಳೂ ಊರಿಗೆ ಬರುತ್ತಾರೆ. ಹೆಂಚು ಕೈಯಾಡಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ಬಿತ್ತನೆ ಬೀಜ ಬಿಸಿಲಿಗೆ ಹಾಕುವುದು ಮುಂತಾದ ಕೆಲಸಗಳನ್ನು ಈ ಬಿಡುವಿನಲ್ಲೇ ಮಾಡಿಕೊಳ್ಳುವುದು ರೂಢಿ. ಇವುಗಳ ಜೊತೆಗೆ ಈಗಲೇ ಮಾಡಬೇಕಾದ, ಮಳೆ ಹಿಡಿದ ಮೇಲೆ ಮಾಡಲಾಗದ ಇನ್ನೆರಡು ಕೆಲಸಗಳಿವೆ. ಒಂದು, ಬಚ್ಚಲಿನಿಂದ ಹರಿದು ಹಾಳಾಗುವ ನೀರನ್ನು ಕೈತೋಟಕ್ಕೆ ತಿರುಗಿಸುವುದು. ಇನ್ನೊಂದು, ಹೊಲದ ಕೃಷಿ ಹೊಂಡ ತುಂಬುವ ಮೊದಲು ಅದರ ದಡವನ್ನು ಭದ್ರಪಡಿಸುವುದು. ಮೊದಲನೆಯದನ್ನು ಬಿಟ್ಟರೆ ಸೊಪ್ಪಿಗೆ ದುಡ್ಡು ಕೊಡಬೇಕಾದೀತು, ಅಷ್ಟೆ. ಎರಡನೆಯದನ್ನು ಬಿಟ್ಟರೆ ಮಗುವಿನ ಜೀವಕ್ಕೇ ಅಪಾಯವಾಗಬಹುದು.

ಬಚ್ಚಲ ನೀರಿನ ಲೆಕ್ಕ

ಕೈತೋಟ ಮಾಡಿ ಎಂದರೆ ಬಹಳ ಜನ ಕೇಳುವುದು ಒಂದೇ ಮಾತು: "ಕುಡಿಯಲು ನೀರಿಲ್ಲದ ಬೇಸಿಗೆಯಲ್ಲಿ ಗಿಡಕ್ಕೆ ಎಲ್ಲಿಂದ ತರೋಣ?" ಇದಕ್ಕೆ ಉತ್ತರ ಬಚ್ಚಲಿನಲ್ಲಿಯೇ ಇದೆ. ಐದು ಮಂದಿಯ ಮನೆಯಲ್ಲಿ ಒಬ್ಬೊಬ್ಬರು 20 ಲೀಟರಿನಂತೆ ಸ್ನಾನ ಮಾಡಿದರೂ ದಿನಕ್ಕೆ 100 ಲೀಟರ್ ನೀರು ಹೊರಗೆ ಹರಿಯುತ್ತದೆ. ಪಾತ್ರೆ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಇದಕ್ಕೆ ಸೇರಿಲ್ಲ.

ಈ ನೂರು ಲೀಟರಿಗೆ ಎಷ್ಟು ತೋಟ ಸಾಕಬಹುದು? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರಕ್ಕೆ ನಿಂತ ನೀರು ಸರಿಯಾಗಿ ಒಂದು ಲೀಟರ್ ಆಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಿಗೆ ನಮ್ಮ ಒಳನಾಡಿನಲ್ಲಿ ತೆರೆದ ನೀರು ದಿನಕ್ಕೆ 6ರಿಂದ 8 ಮಿಲಿಮೀಟರಿನಷ್ಟು ಆವಿಯಾಗಿ ಹೋಗುತ್ತದೆ. ನೆಲಕ್ಕೆ ತರಗೆಲೆ ಹೊದಿಸಿ, ನೀರನ್ನು ಬುಡಕ್ಕೆ ಮಾತ್ರ ಕೊಟ್ಟರೆ ತರಕಾರಿಗೆ ಚದರ ಮೀಟರಿಗೆ 5 ಲೀಟರ್ ಎಂದು ಹಿಡಿದುಕೊಳ್ಳಬಹುದು. ಹಾಗಾದರೆ 100 ಲೀಟರಿಗೆ 20 ಚದರ ಮೀಟರ್, ಅಂದರೆ ಹೆಚ್ಚು ಕಡಿಮೆ 20 ಅಡಿ ಉದ್ದ 10 ಅಡಿ ಅಗಲದ ಜಾಗ. ಇದಕ್ಕಿಂತ ದೊಡ್ಡದಾಗಿ ಮಾಡಿದರೆ ಎಲ್ಲ ಗಿಡಗಳೂ ಅರೆಹೊಟ್ಟೆಯಲ್ಲಿ ಬಾಡುತ್ತವೆ. ಕೈತೋಟ ಕೈಬಿಟ್ಟ ಮನೆಗಳಲ್ಲಿ ವಿಚಾರಿಸಿ ನೋಡಿದರೆ, ಆಸೆಗೆ ದೊಡ್ಡ ಜಾಗ ಅಗೆದದ್ದೇ ಅನೇಕ ಕಡೆ ಕಾರಣವಾಗಿರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ ಸೊಪ್ಪು ತರಕಾರಿ ಸೇರಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ಬೇಕು. ಐದು ಜನಕ್ಕೆ 2 ಕಿಲೋ ಆಯಿತು. ಇಷ್ಟನ್ನೂ 200 ಚದರ ಅಡಿಯಲ್ಲಿ ಬೆಳೆಯುತ್ತೇವೆಂದು ಹೇಳುವುದು ಸರಿಯಲ್ಲ. ಆದರೆ ದಿನವೂ ಸೊಪ್ಪು, ವಾರದಲ್ಲಿ ಮೂರು ನಾಲ್ಕು ದಿನ ಪಲ್ಯಕ್ಕೆ ಕಾಯಿ, ಒಗ್ಗರಣೆಗೆ ಕರಿಬೇವು ಖಂಡಿತ ಸಿಗುತ್ತವೆ. ಬೇಸಿಗೆಯಲ್ಲಿ ಸಂತೆಯ ಸೊಪ್ಪು ಬಾಡಿ ಬರುವ ಕಾಲಕ್ಕೆ ಇದು ಸಣ್ಣ ಲಾಭವಲ್ಲ.

ಸೋಪಿನ ನೀರು ಗಿಡಕ್ಕೆ ಕೆಡುಕಲ್ಲವೇ ಎಂಬ ಅನುಮಾನ ಸಹಜ. ಮೈಸೋಪಿನ ನೀರಿನಿಂದ ಅಷ್ಟು ತೊಂದರೆಯಿಲ್ಲ. ಬಟ್ಟೆಗೆ ಹಾಕುವ ಪುಡಿಯಲ್ಲಿ ಸೋಡಿಯಂ ಹೆಚ್ಚು. ಅದು ಸತತವಾಗಿ ಬಿದ್ದರೆ ಮಣ್ಣು ಬಿಗಿಯಾಗಿ ನೀರು ಇಂಗುವುದಿಲ್ಲ, ಕಪ್ಪು ಮಣ್ಣಿನಲ್ಲಂತೂ ಇದು ಬೇಗ ಕಾಣಿಸುತ್ತದೆ. ಆದ್ದರಿಂದ ಬಟ್ಟೆ ಒಗೆದ ಮೊದಲ ನೊರೆ ನೀರನ್ನು ತೋಟಕ್ಕೆ ಬಿಡದೆ, ಕೊನೆಯಲ್ಲಿ ಜಾಲಿಸಿದ ನೀರನ್ನು ಮಾತ್ರ ಬಳಸುವುದು ಒಳ್ಳೆಯದು. ಶೌಚಾಲಯದ ನೀರು ಯಾವ ಕಾರಣಕ್ಕೂ ಇದರಲ್ಲಿ ಸೇರಕೂಡದು. ಚಿಕ್ಕ ಮಕ್ಕಳ ಕಕ್ಕಸಿನ ಬಟ್ಟೆ ತೊಳೆದ ನೀರೂ ಬೇಡ.

ಬಚ್ಚಲ ತೂಬಿನಿಂದ ಹೊರಬಂದ ನೀರು ನೇರವಾಗಿ ಪಾತಿಗೆ ಹೋಗುವ ಬದಲು ಒಂದು ಸೋಸುಗುಂಡಿಯ ಮೂಲಕ ಹೋಗಬೇಕು. 6 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಆಳದ ಕಾಲುವೆ ತೋಡಿ, ತಳ ಮತ್ತು ಬದಿಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಳಗೆ ಮುಷ್ಟಿಗಾತ್ರದ ಕಲ್ಲು, ಅದರ ಮೇಲೆ ಜಲ್ಲಿ, ಕೊನೆಗೆ ನಾಲ್ಕು ಬೆರಳು ದಪ್ಪ ಮರಳು ತುಂಬಿರಿ. ಮೇಲೆ ಕೆಸು ಅಥವಾ ಕಾಬಾಳೆ ನೆಡಿರಿ. ಇವುಗಳ ಬೇರು ಕೊಳೆಯನ್ನು ಹಿಡಿದುಕೊಳ್ಳುತ್ತವೆ. ನೀರು ಒಂದು ತುದಿಯಲ್ಲಿ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬೀಳುವಂತೆ ಕೊಳವೆ ಇಡಬೇಕು. ಒಳಬರುವ ಬಾಯಿಗೆ ತೆಂಗಿನ ನಾರು ತುಂಬಿದ ಗೋಣಿಚೀಲದ ತುಂಡು ಕಟ್ಟಿದರೆ ಕೂದಲು, ಸೋಪಿನ ಜಿಡ್ಡು ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಗುಂಡಿಯಲ್ಲಿ ನೀರು ಜಲ್ಲಿಯ ಒಳಗೇ ಇರಬೇಕು, ಮೇಲೆ ನಿಂತು ಕಾಣಿಸಬಾರದು. ನಿಂತರೆ ಸೊಳ್ಳೆ ಮರಿ ಮಾಡುತ್ತದೆ. ಬಚ್ಚಲ ನೀರನ್ನು ಡ್ರಮ್ಮಿನಲ್ಲಿ ಕೂಡಿಟ್ಟು ನಾಳೆಗೆ ಬಳಸುವ ಪದ್ಧತಿಯೂ ಬೇಡ. ಒಂದು ದಿನ ಕಳೆದರೆ ನಾರುತ್ತದೆ.

ಏನು ಹಾಕಬೇಕು, ಏನು ಬೇಡ

20 ಅಡಿ ಉದ್ದದ ಜಾಗದಲ್ಲಿ 4 ಅಡಿ ಅಗಲದ ನಾಲ್ಕು ಪಾತಿ, ನಡುವೆ ಒಂದೊಂದು ಅಡಿಯ ಕಾಲುದಾರಿ, ಉಳಿದ ಒಂದು ಅಡಿಯಲ್ಲಿ ನೀರಿನ ಕಾಲುವೆ ಸರಿಹೊಂದುತ್ತದೆ. ಪಾತಿ 4 ಅಡಿಗಿಂತ ಅಗಲವಾದರೆ ಕಳೆ ಕೀಳುವಾಗ ಕೈಯೆಟುಕದೆ ಪಾತಿಯನ್ನು ತುಳಿಯಬೇಕಾಗುತ್ತದೆ. ಕೆಂಪು ಮಣ್ಣಾದರೆ ಕೆರೆಗೋಡು ತಂದು ಒಂದು ವಾರ ಬಿಸಿಲಿಗೆ ಒಣಗಿಸಿ, ಹೆಂಟೆ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಹಾಕಿರಿ. ನೀರು ಹಿಡಿದಿಡುವ ಶಕ್ತಿ ಬರುತ್ತದೆ. ಕಪ್ಪು ಮಣ್ಣಿಗೆ ಗೋಡು ಬೇಕಿಲ್ಲ, ಗೊಬ್ಬರ ಸಾಕು.

ಈ ಕಾಲಕ್ಕೆ ದಂಟು, ಬಸಳೆ, ಬೆಂಡೆ, ಗೋರಿಕಾಯಿ, ಹೀರೆ, ಸೋರೆ, ಸೌತೆ ಚೆನ್ನಾಗಿ ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟನ್ನು ಬೇರು ಸಹಿತ ಕೀಳದೆ ಮೇಲಿನಿಂದ ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಬಿತ್ತಿ ನಾಲ್ಕು ವಾರದ ಒಳಗೆ ಮೊದಲ ಕೊಯ್ಲು ಸಿಗುತ್ತದೆ. ಬೆಂಡೆಯಲ್ಲಿ ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಹಳದಿ ನಂಜುರೋಗ ತಡೆಯಲೆಂದು ರೂಪಿಸಿದ ತಳಿ. ಈಚೆಗೆ ಇದಕ್ಕೂ ಅಲ್ಲಲ್ಲಿ ರೋಗ ತಗಲುವುದುಂಟು. ಎಲೆಯ ನರ ಹಳದಿಯಾದ ಗಿಡವನ್ನು ಕಂಡ ದಿನವೇ ಕಿತ್ತು ಹೂಳಬೇಕು. ಬೆಂಡೆ ಬೀಜವನ್ನು ರಾತ್ರಿ ನೆನೆಹಾಕಿ, ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಬಿಟ್ಟು ಊರಿರಿ. ಕೊತ್ತಂಬರಿ, ಪಾಲಕ್ ಈ ಬಿಸಿಲಿಗೆ ಬೇಗ ಹೂವಿಗೆ ಬರುತ್ತವೆ. ತೆಂಗಿನ ಗರಿಯ ನೆರಳಿಲ್ಲದೆ ಹಾಕದಿರುವುದೇ ಲೇಸು. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳನ್ನು ಬಚ್ಚಲ ನೀರಿನಲ್ಲಿ ಬೆಳೆಯಬಾರದು. ಸೌತೆಯ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿ, ಕಾಯಿಗೆ ನೀರು ತಾಗದಂತೆ ನೋಡಿಕೊಳ್ಳಬೇಕು.

ಬಚ್ಚಲ ಹಿಂದೆ ಬಾಳೆ ಇರಲೇಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ಪದ್ಧತಿ ಒಳ್ಳೆಯದೇ. ಆದರೆ ಬಾಳೆ ದೊಡ್ಡ ನೀರುಬಾಕ. ಬೇಸಿಗೆಯಲ್ಲಿ ಒಂದು ಗಿಡಕ್ಕೆ ದಿನಕ್ಕೆ 15ರಿಂದ 20 ಲೀಟರ್ ಬೇಕು. ನಾಲ್ಕು ಗಿಡ ಇಟ್ಟರೆ ನಮ್ಮ ನೂರು ಲೀಟರಿನಲ್ಲಿ ತರಕಾರಿಗೆ ಉಳಿಯುವುದು ಅಷ್ಟರಲ್ಲೇ ಇದೆ. ಒಂದು ಬುಡ ಸಾಕು, ಹೆಚ್ಚಿನ ಕಂದುಗಳನ್ನು ಕಿತ್ತುಬಿಡಿ. ಅದರ ಬದಲು ಮೂಲೆಯಲ್ಲೊಂದು ನುಗ್ಗೆ ಇರಲಿ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿಯನ್ನು ಬೀಜದಿಂದಲೇ ಬೆಳೆಸಬಹುದು. ವರ್ಷದೊಳಗೆ ಕಾಯಿ ನೋಡಬಹುದು.

ಕೀಟಕ್ಕೆ ಮನೆಯ ತೋಟದಲ್ಲಿ ವಿಷ ಹೊಡೆಯುವ ಮಾತೇ ಬೇಡ. ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ 10 ಲೀಟರ್ ಮಾಡಿಕೊಂಡು ಸಂಜೆ ಸಿಂಪಡಿಸಿದರೆ ಹೇನು, ಎಳೆ ಹುಳು ಹತೋಟಿಗೆ ಬರುತ್ತವೆ.

ಗೋಡು ತೆಗೆಯುವುದರಲ್ಲೂ ಒಂದು ಕ್ರಮವಿದೆ

ಮೇಲೆ ಕೆರೆಗೋಡಿನ ಮಾತು ಬಂತು. ಹಿಂದೆ ಗಾಡಿ ಕಟ್ಟಿ ಗುದ್ದಲಿಯಿಂದ ಗೋಡು ತೆಗೆಯುತ್ತಿದ್ದಾಗ ಕೆರೆಯಂಗಳ ಮೇಲುಮೇಲಾಗಿ ಸವೆದು ಇಳಿಜಾರು ಹಾಗೇ ಉಳಿಯುತ್ತಿತ್ತು. ನೀರಿಗಿಳಿದವನಿಗೆ ಮೊಣಕಾಲು, ಸೊಂಟ, ಎದೆ ಎಂದು ಆಳ ತಿಳಿಯುತ್ತಿತ್ತು. ಈಗ ಜೆಸಿಬಿ ಬಂದು ಒಂದೇ ಕಡೆ ನಿಂತು ಹತ್ತು ಹನ್ನೆರಡು ಅಡಿ ಆಳಕ್ಕೆ ನೆಟ್ಟಗೆ ಬಗೆದು ಹೋಗುತ್ತದೆ. ಬೇಸಿಗೆಯಲ್ಲಿ ಆ ಗುಂಡಿ ಎಲ್ಲರಿಗೂ ಕಾಣುತ್ತದೆ. ಮಳೆಗಾಲದಲ್ಲಿ ಕೆರೆ ತುಂಬಿದ ಮೇಲೆ ಯಾರಿಗೂ ಕಾಣುವುದಿಲ್ಲ. ದನ ಮೈತೊಳೆಯಲು ಹೋದ ಹುಡುಗ ಎರಡು ಹೆಜ್ಜೆ ಮುಂದಿಟ್ಟರೆ ಕಾಲಿಗೆ ನೆಲ ಸಿಗದು. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳದ್ದೂ ಇದೇ ಕಥೆ.

ಆದ್ದರಿಂದ ಪಂಚಾಯಿತಿಯ ಒಪ್ಪಿಗೆ ಪಡೆದು ಗೋಡು ತೆಗೆಸುವಾಗ, ಊರ ಜನ ಬಟ್ಟೆ ಒಗೆಯುವ, ದನಕ್ಕೆ ನೀರು ಕುಡಿಸುವ ದಡದ ಕಡೆ ಯಂತ್ರ ಇಳಿಸಬೇಡಿ. ಉಳಿದ ಕಡೆಯೂ ಒಂದೇ ಗುಂಡಿ ಬಗೆಯದೆ ಅಗಲವಾಗಿ, ಒಂದು ಎರಡಡಿ ಪದರದಂತೆ ಕೆರೆಸಬೇಕು. ಈಗಾಗಲೇ ಗುಂಡಿಯಾಗಿದ್ದರೆ ಅದರ ಅಂಚನ್ನು ಮುರಿದು ಇಳಿಜಾರು ಮಾಡಿಸಲು ಇದೇ ಸಮಯ. ಜೆಸಿಬಿಗೆ ಇನ್ನೊಂದು ಗಂಟೆಯ ಬಾಡಿಗೆ ಬೀಳಬಹುದು. ಊರಿನವರು ಹಂಚಿಕೊಂಡರೆ ಅದು ಹೊರೆಯೇನಲ್ಲ.

ಕೃಷಿ ಹೊಂಡ: ಹತ್ತಲಾಗದ ದಡ

2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ನಮ್ಮ ಒಣಬೇಸಾಯದ ತಾಲೂಕುಗಳಲ್ಲಿ ಹೊಂಡಗಳು ಹೆಚ್ಚಿದವು. ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಟ್ಟು ಬೆಳೆ ಉಳಿಸಿಕೊಂಡ ರೈತರಿಗೆ ಇದರ ಬೆಲೆ ಗೊತ್ತು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡ, ಬದಿಯ ಇಳಿಜಾರು 1:1 ಇದ್ದರೆ, ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹೊದಿಕೆಯೇ ಇದರ ಅಪಾಯವೂ ಹೌದು. ಒದ್ದೆಯಾದ, ಪಾಚಿ ಹಿಡಿದ ಹೊದಿಕೆಯ ಮೇಲೆ ಕಾಲು ನಿಲ್ಲದು, ಕೈಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗದು. ಬಾವಿಯಲ್ಲಿ ಚೆನ್ನಾಗಿ ಈಜುವ ದೊಡ್ಡವರೂ ಇಲ್ಲಿ ದಡದಿಂದ ಒಂದು ಮಾರು ದೂರದಲ್ಲೇ ಸೋತುಹೋಗುತ್ತಾರೆ. ಬಿದ್ದ ಮಗುವನ್ನು ತೆಗೆಯಲು ಧುಮುಕಿದ ತಾಯಿಯೋ ಅಣ್ಣನೋ ಜೊತೆಗೆ ಮುಳುಗುವುದು ಇದೇ ಕಾರಣದಿಂದ. ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಮಿಕ್ಕಿದ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಗಳು ಹೇಳುತ್ತವೆ. ಕೃಷಿ ಹೊಂಡದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದುವುದು ಬಹುಮಟ್ಟಿಗೆ ಶಾಲೆಯ ರಜಾ ದಿನಗಳ ನಂತರವೇ.

ಬೇಲಿಗೆ ಬೇಕಾದ ಸಾಮಾನಿನ ಲೆಕ್ಕ ಹೀಗಿದೆ. ಮೇಲಿನ ಅಳತೆಯ ಹೊಂಡಕ್ಕೆ ಸುತ್ತಲೂ ಒಂದೂವರೆ ಮೀಟರ್ ಬದು ಬಿಟ್ಟರೆ ಒಂದೊಂದು ಬದಿ 24 ಮೀಟರ್, ಒಟ್ಟು ಸುತ್ತಳತೆ 96 ಮೀಟರ್. 3 ಮೀಟರಿಗೊಂದರಂತೆ 32 ಕಂಬ. ಐದು ಎಳೆ ಮುಳ್ಳುತಂತಿಗೆ 480 ಮೀಟರ್, ಜೊತೆಗೆ ಕಂಬಕ್ಕೆ ಸುತ್ತಲು ಸ್ವಲ್ಪ ಹೆಚ್ಚು. ಎಳೆಗಳನ್ನು ಸಮದೂರದಲ್ಲಿ ಕಟ್ಟುವುದು ವಾಡಿಕೆ. ಆದರೆ ಮಕ್ಕಳು ನುಸುಳುವುದು ಕೆಳಗಿನಿಂದ. ಆದ್ದರಿಂದ ನೆಲದಿಂದ 15, 35, 60, 90, 120 ಸೆಂಟಿಮೀಟರ್ ಎತ್ತರಕ್ಕೆ, ಕೆಳಗೆ ಒತ್ತಾಗಿ ಮೇಲೆ ವಿರಳವಾಗಿ ಕಟ್ಟಿರಿ. ಪಂಪಿನ ಕಡೆಗೆ ಒಂದೇ ಬಾಗಿಲು ಇರಲಿ, ಅದಕ್ಕೆ ಬೀಗ ಇರಲಿ, ಬೀಗದ ಕೈ ಮನೆಯಲ್ಲಿರಲಿ. ಕೃಷಿ ಭಾಗ್ಯ ಯೋಜನೆಯಡಿ ಹೊಂಡದ ಜೊತೆಗೆ ತಂತಿಬೇಲಿಗೂ ಸಹಾಯಧನ ಇಟ್ಟಿರುವುದರಿಂದ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ನಿಯಮಗಳನ್ನು ವಿಚಾರಿಸಿಕೊಳ್ಳಿರಿ.

ತಂತಿಗೆ ಹಣ ಹೊಂದದಿದ್ದರೆ ಕಂಬ ನೆಟ್ಟು ಒಣಮುಳ್ಳು ಒಡ್ಡಿದರೂ ಈ ವರ್ಷಕ್ಕೆ ಆಗುತ್ತದೆ. ಬೇಲಿಗೆ ತೊಂಡೆ, ಹಾಗಲ ಹಬ್ಬಿಸಲು ಮನೆಯವರಿಗೆ ಆಸೆಯಾಗುವುದು ಸಹಜ. ಮೂರು ಬದಿಗೆ ಹಬ್ಬಿಸಬಹುದು. ಆದರೆ ಮನೆ ಅಥವಾ ಕೆಲಸದ ಕಡೆಗೆ ಮುಖಮಾಡಿದ ಬದಿ ತೆರೆದಿರಬೇಕು, ಒಳಗೆ ಏನಾಗುತ್ತಿದೆ ಎಂಬುದು ದೂರದಿಂದ ಕಾಣುವಂತಿರಬೇಕು.

ಬೇಲಿ ಇದ್ದರೂ ಹತ್ತಿ ಬರುವ ದಾರಿ ಇರಲೇಬೇಕು. 1:1 ಇಳಿಜಾರಿನಲ್ಲಿ ಮೇಲಂಚಿನಿಂದ ತಳದವರೆಗೆ 14 ಅಡಿಯಾಗುತ್ತದೆ. ಅಡಿಗೊಂದು ಗಂಟು ಹಾಕಿದ 25 ಅಡಿ ಉದ್ದದ ದಪ್ಪ ಹಗ್ಗವನ್ನು ನಾಲ್ಕೂ ಬದಿಯಲ್ಲಿ ಗೂಟಕ್ಕೆ ಬಿಗಿದು ನೀರಿನೊಳಕ್ಕೆ ಇಳಿಬಿಡಿರಿ. ಹಳೆಯ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಇಳಿಬಿಟ್ಟರೆ ಇನ್ನೂ ಉತ್ತಮ, ಹೊದಿಕೆಯೂ ಹರಿಯುವುದಿಲ್ಲ. 20 ಲೀಟರಿನ ಖಾಲಿ ಕ್ಯಾನಿನ ಮುಚ್ಚಳ ಬಿಗಿದು ಹಗ್ಗ ಕಟ್ಟಿ ಬೇಲಿಯ ಕಂಬಕ್ಕೆ ತೂಗುಹಾಕಿರಿ. ಅದನ್ನು ಎಸೆದರೆ ಒಬ್ಬ ಮನುಷ್ಯನ ತಲೆ ನೀರಿನ ಮೇಲೆ ನಿಲ್ಲಿಸುವಷ್ಟು ತೇಲುತ್ತದೆ. ಯಾರಾದರೂ ಬಿದ್ದಾಗ ಧುಮುಕುವುದು ಕೊನೆಯ ಮಾತು. ಮೊದಲು ಕ್ಯಾನು, ಹಗ್ಗ, ಬಿದಿರು ಗಳ, ಅದೂ ಇಲ್ಲದಿದ್ದರೆ ಸೀರೆ ಅಥವಾ ಪಂಚೆ. ದಡದಲ್ಲಿ ಮಲಗಿ ಎಸೆದು ಎಳೆಯಬೇಕು. ನಿಂತು ಎಳೆದರೆ ನೀವೇ ಜಾರುತ್ತೀರಿ.

ಮೇಲೆತ್ತಿದ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಅದರಿಂದ ಕೆಡುಕೇ ಹೆಚ್ಚು. ಉಸಿರಾಟ ಇಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಐದು ಬಾರಿ ಊದಿರಿ. ಅನಂತರ ಎದೆಯ ನಡುವೆ ಅಂಗೈಯಿಂದ 30 ಬಾರಿ ವೇಗವಾಗಿ ಒತ್ತಿ, ಮತ್ತೆ ಎರಡು ಬಾರಿ ಊದಿರಿ. 108ರ ವಾಹನ ಬರುವವರೆಗೂ ಹೀಗೆ ನಿಲ್ಲಿಸದೆ ಮಾಡಬೇಕು. ಉಸಿರು ಬಂದು ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಬೇಕು, ಶ್ವಾಸಕೋಶದ ತೊಂದರೆ ಗಂಟೆಗಳ ನಂತರ ಕಾಣಿಸಬಹುದು. ಇದನ್ನು ಓದಿ ಕಲಿಯುವುದಕ್ಕಿಂತ ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಒಮ್ಮೆ ಮಾಡಿಸಿ ನೋಡುವುದು ಮೇಲು. ವಿಸ್ತರಣಾ ಕಾರ್ಯಕರ್ತರು ರೈತರ ತರಬೇತಿಯ ದಿನ ಅರ್ಧ ಗಂಟೆ ಇದಕ್ಕೆ ಮೀಸಲಿಡಬಹುದು.

ನೀರಿನ ದಡದಲ್ಲಿ ಒಂದು ದಿನ

ಇಷ್ಟೆಲ್ಲ ಹೇಳಿದ ಮೇಲೆ ಮಕ್ಕಳನ್ನು ನೀರಿನ ಹತ್ತಿರ ಬಿಡಲೇಬೇಡಿ ಎಂದು ತಿಳಿಯಬಾರದು. ನೀರನ್ನು ಅರಿಯದ ಮಗುವಿಗೇ ಅಪಾಯ ಹೆಚ್ಚು. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಒಂದು ದಿನ ಕೆರೆ, ಹೊಳೆಯ ಕಡೆ ಹೋಗಿ ಬರುವುದು ದುಡಿಮೆಯ ಮೈಗೂ ಹಿತ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಮೇ ತಿಂಗಳ ಒಳಗೆ ಹೋದರೆ ಊರೊಳಗಿನ ಹುಣಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿ ಸಾಕುವುದನ್ನು ನೋಡಬಹುದು. ಅಲ್ಲಿನ ರೈತರು ಮರದ ಕೆಳಗೆ ಗುಂಡಿ ತೆಗೆದು, ಬೀಳುವ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಬೆರೆಸಿ ಗೊಬ್ಬರ ಮಾಡಿಕೊಳ್ಳುವ ಪದ್ಧತಿಯನ್ನೂ ನೋಡಿ ಬರಬೇಕು. ರಂಗನತಿಟ್ಟು ಅಲ್ಲಿಗೆ ಬಹಳ ದೂರವೇನಲ್ಲ. ಆದರೆ ಹೊಳೆಯಲ್ಲಿ ಸ್ನಾನಕ್ಕೆ ಇಳಿಯುವುದಾದರೆ ಆ ಊರಿನವರು ದಿನವೂ ಇಳಿಯುವ ಸೋಪಾನದಲ್ಲೇ ಇಳಿಯಿರಿ. ಮುತ್ತತ್ತಿಯಂತಹ ಕಡೆ ಮೇಲೆ ಶಾಂತವಾಗಿ ಕಾಣುವ ಕಾವೇರಿ ಬಂಡೆಗಳ ಸಂದಿನಲ್ಲಿ ಸುಳಿ ಇಟ್ಟುಕೊಂಡಿರುತ್ತಾಳೆ. ಅಣೆಕಟ್ಟೆಯ ಕೆಳಗಿನ ಹೊಳೆ, ನಾಲೆಗಳಲ್ಲಿ ಮಳೆಯಿಲ್ಲದ ದಿನವೂ ನೀರು ಏಕಾಏಕಿ ಏರಬಹುದು.

ಈಜು ಕಲಿಸುವುದಕ್ಕೂ ರಜೆಯೇ ಸರಿಯಾದ ಕಾಲ. ಆರು ವರ್ಷ ದಾಟಿದ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಬೇಕು. ಹೆಣ್ಣುಮಕ್ಕಳಿಗೆ ಈಜೇಕೆ ಎಂಬ ಮಾತು ಹೊಂಡದ ದಡದಲ್ಲಿ ಬಟ್ಟೆ ತೊಳೆಯುವ ಮನೆಗಳಲ್ಲಿ ಸಲ್ಲದು. ಮೆಟ್ಟಿಲಿರುವ ಬಾವಿ ಅಥವಾ ನೆಲ ಗೊತ್ತಿರುವ, ಮಗುವಿನ ಎದೆಮಟ್ಟದ ನೀರು ಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಎಂದೂ ಕೂಡದು. ಕೈಗೆಟುಕುವ ದೂರದಲ್ಲಿ ಈಜು ಬಲ್ಲ ದೊಡ್ಡವರೊಬ್ಬರು ನೀರಿನಲ್ಲೇ ಇರಬೇಕು. ದಡದಲ್ಲಿ ಮೊಬೈಲು ನೋಡುತ್ತ ಕುಳಿತವರು ಲೆಕ್ಕಕ್ಕಿಲ್ಲ.

ಈಜು ಕಲಿಯುವವರ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುವುದು ನಮ್ಮ ಹಳೆಯ ಪದ್ಧತಿ, ಈಗಲೂ ಅದಕ್ಕೆ ಕುಂದಿಲ್ಲ. ಬುರುಡೆ ಹೊಟ್ಟೆಯ ಕಡೆ ಸರಿಯದಂತೆ ಹೆಗಲಿಗೂ ಸೊಂಟಕ್ಕೂ ಬಿಗಿಯಬೇಕು. ಅದಕ್ಕಾಗಿ ಕೈತೋಟದ ಸೋರೆ ಬಳ್ಳಿಯಲ್ಲಿ ಎರಡು ದುಂಡನೆಯ ಕಾಯಿಗಳನ್ನು ಕೊಯ್ಯದೆ ಬಿಡಿರಿ. ತೊಟ್ಟು ಪೂರಾ ಒಣಗಿದ ಮೇಲೆ ಕೊಯ್ದು, ಅಲ್ಲಾಡಿಸಿದರೆ ಬೀಜ ಸದ್ದು ಮಾಡುವವರೆಗೆ ನೆರಳಿನಲ್ಲಿ ತೂಗುಹಾಕಿರಿ, ಮುಂದಿನ ರಜೆಗೆ ಸಿದ್ಧವಾಗಿರುತ್ತದೆ. ಬುರುಡೆಗೆಂದೇ ಬೆಳೆಯುವ ಗಟ್ಟಿ ಚಿಪ್ಪಿನ ಕಹಿ ಸೋರೆಯ ಬೀಜ ಎಲ್ಲಿಂದಾದರೂ ಸಿಕ್ಕಿದರೆ ಅದನ್ನು ಅಡಿಗೆಯ ಸೋರೆಯ ಪಕ್ಕ ಹಾಕಬೇಡಿ. ಪರಾಗ ಬೆರೆತು, ನೀವು ಎತ್ತಿಟ್ಟ ಬೀಜದಿಂದ ಮುಂದಿನ ವರ್ಷ ಕಹಿ ಕಾಯಿ ಬರಬಹುದು. ಕಹಿ ಸೋರೆ ವಿಷಕಾರಿ, ಬಾಯಿಗೆ ಕಹಿ ತಾಗಿದ ಕಾಯಿಯನ್ನು ಬೇಯಿಸಿಯೂ ತಿನ್ನಬಾರದು.

ಹೊಂಡದ ಬೇಲಿಯ ಹೊರಸುತ್ತಿಗೆ ಹಸಿರು ಬೇಲಿ ಬೇಕೆನ್ನುವವರು ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಹೆಬ್ಬೆರಳು ದಪ್ಪದ ಕಡ್ಡಿಗಳನ್ನು ಕೃತ್ತಿಕಾ ಮಳೆಗೆ ಅಡಿಗೊಂದರಂತೆ ಊರಬಹುದು. ಮಧ್ಯೆ ಕತ್ತಾಳೆ ಕಂದು ಇಟ್ಟರೆ ದನವೂ ನುಗ್ಗದು. ಆಲ, ಅತ್ತಿ, ಹೊಂಗೆಯಂತಹ ದೊಡ್ಡ ಮರಗಳನ್ನು ಮಾತ್ರ ಹೊಂಡದಿಂದ ದೂರ ನೆಡಿರಿ, ಬೇರು ಬಂದು ಹೊದಿಕೆಯನ್ನು ಸೀಳುತ್ತದೆ. ಕಂಬದ ಗುಂಡಿಗಳನ್ನು ಭರಣಿ ಮಳೆಗೆ ಮೊದಲೇ ತೋಡಿಸಿಕೊಂಡರೆ, ಆಳುಗಳು ಬಿತ್ತನೆಗೆ ಹೋಗುವಷ್ಟರಲ್ಲಿ ತಂತಿ ಎಳೆದು ಬೀಗ ಹಾಕಬಹುದು.